ಖಾಸಗಿ ನೌಕರರ ಸಮಾನತೆಗೆ ಒಂದೇ ಕಾನೂನು ಬೇಕು

ಮಾನ್ಯ ಸಂಪಾದಕರೇ,

ಕೆಲಸದ ಸ್ಥಳದಲ್ಲಿ ತಾರತಮ್ಯ ನಡೆದರೆ ಸಂವಿಧಾನವೇ ನೇರವಾಗಿ ರಕ್ಷಣೆಗೆ ಬರುತ್ತದೆ ಎಂಬ ನಂಬಿಕೆ ವಿದ್ಯಾವಂತರಲ್ಲೂ ಇದೆ. ಸರ್ಕಾರಿ ನೌಕರರ ಮಟ್ಟಿಗೆ ಇದು ನಿಜ. ಧರ್ಮ, ಜಾತಿ, ಲಿಂಗ, ಜನ್ಮಸ್ಥಳ, ವಾಸಸ್ಥಳ ಮೊದಲಾದವುಗಳ ಆಧಾರದ ಮೇಲೆ ತಾರತಮ್ಯ ಮಾಡಬಾರದೆನ್ನುವ 16ನೇ ವಿಧಿ ಅನ್ವಯಿಸುವುದು ಸರ್ಕಾರದ ಅಧೀನದಲ್ಲಿರುವ ಉದ್ಯೋಗಗಳಿಗೆ. ಭಾರತೀಯ ವಿದೇಶಾಂಗ ಸೇವೆಯಲ್ಲಿದ್ದ ಕೊಡಗಿನ ಸಿ.ಬಿ. ಮುತ್ತಮ್ಮ ಅವರು ಬಡ್ತಿ ಸಿಗದಿದ್ದಾಗ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ಇತ್ಯರ್ಥವಾಗುವ ಮೊದಲೇ ಸರ್ಕಾರ ಬಡ್ತಿ ಕೊಟ್ಟಿತು. ಆದರೂ ಮದುವೆಯಾಗಲು ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕೆನ್ನುವಂತಹ ಸೇವಾ ನಿಯಮಗಳನ್ನು 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕಟುವಾಗಿ ಟೀಕಿಸಿದರು. ಇದೇ ಅನ್ಯಾಯ ಖಾಸಗಿ ಕಂಪನಿಯೊಂದರಲ್ಲಿ ನಡೆದಿದ್ದರೆ ಅವರಿಗೆ ಆ ದಾರಿ ಅಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ.

ಖಾಸಗಿ ನೌಕರರಿಗೆ ಕಾನೂನೇ ಇಲ್ಲವೆಂದು ಇದರ ಅರ್ಥವಲ್ಲ. ಕಾನೂನುಗಳಿವೆ, ಆದರೆ ಚೂರುಚೂರಾಗಿವೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅಂಗವಿಕಲರಿಗೆ 2016ರ ಕಾಯ್ದೆ, ಎಚ್‌ಐವಿ ಸೋಂಕಿತರಿಗೆ 2017ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಇವೆ. ಹೆರಿಗೆ ರಜೆಯಲ್ಲಿರುವವರನ್ನು ಅದೇ ಕಾರಣಕ್ಕೆ ವಜಾ ಮಾಡುವುದು ಕಾನೂನುಬಾಹಿರ. ನೊಂದವರು ಮೊದಲು ತಮ್ಮ ನೋವು ಯಾವ ಕಾಯ್ದೆಯ ಚೌಕಟ್ಟಿಗೆ ಹೊಂದುತ್ತದೆಂದು ಹುಡುಕಬೇಕು. ಯಾವುದಕ್ಕೂ ಹೊಂದದಿದ್ದರೆ, ಉದಾಹರಣೆಗೆ ಧರ್ಮದ ಕಾರಣಕ್ಕೋ ವಯಸ್ಸಿನ ಕಾರಣಕ್ಕೋ ಸಂದರ್ಶನದಲ್ಲೇ ಕೈಬಿಟ್ಟರೆ, ಯಾವ ಬಾಗಿಲು ತಟ್ಟಬೇಕೆಂಬುದಕ್ಕೆ ವಕೀಲರಲ್ಲೂ ಸ್ಪಷ್ಟ ಉತ್ತರವಿರುವುದಿಲ್ಲ. ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ನಿಜ. ಆದರೆ ನಿಂದಿಸದೆ, ನಗುನಗುತ್ತಲೇ ಅರ್ಜಿಯನ್ನು ಬದಿಗಿಡುವವರ ವಿರುದ್ಧ ಕ್ರಿಮಿನಲ್ ಮೊಕದ್ದಮೆಗೆ ಬೇಕಾದ ಸಾಕ್ಷ್ಯ ಒದಗಿಸುವವರು ಯಾರು?

ಸಮಾನ ವೇತನದ ವಿಷಯದಲ್ಲಿ ಮಾತ್ರ ಖಾಸಗಿ ವಲಯಕ್ಕೂ ಗಟ್ಟಿ ನೆಲೆಯಿದೆ. ಮೆಕಿನನ್ ಮೆಕೆಂಜಿ ಕಂಪನಿಯ ಮಹಿಳಾ ಸ್ಟೆನೋಗ್ರಾಫರ್‌ಗಳಿಗೆ ಪುರುಷರಿಗಿಂತ ಕಡಿಮೆ ವೇತನ ಕೊಟ್ಟ ಪ್ರಕರಣದಲ್ಲಿ, ಕಾರ್ಮಿಕ ಸಂಘದೊಂದಿಗೆ ಒಪ್ಪಂದವಾಗಿದೆ, ಕಂಪನಿಯ ಹಣಕಾಸು ಸ್ಥಿತಿ ಸರಿಯಿಲ್ಲ ಎಂಬ ಎರಡೂ ವಾದಗಳನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತಳ್ಳಿಹಾಕಿತು. ಅದಕ್ಕೆ ಆಧಾರವಾಗಿದ್ದ 1976ರ ಸಮಾನ ವೇತನ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯಲ್ಲಿ ನೇಮಕಾತಿಯ ಜೊತೆಗೆ ಬಡ್ತಿ, ತರಬೇತಿ, ವರ್ಗಾವಣೆಗಳನ್ನೂ ಹೆಸರಿಸಿ ತಾರತಮ್ಯವನ್ನು ನಿಷೇಧಿಸಲಾಗಿತ್ತು. ಹೊಸ ಸಂಹಿತೆಯ 3ನೇ ಸೆಕ್ಷನ್ ವೇತನ ಮತ್ತು ನೇಮಕಾತಿಯ ಬಗ್ಗೆ ಮಾತನಾಡುತ್ತದೆಯೇ ಹೊರತು ಬಡ್ತಿ, ತರಬೇತಿ, ವರ್ಗಾವಣೆಗಳ ಹೆಸರೆತ್ತುವುದಿಲ್ಲ. ಮಹಿಳೆಯರು ಹಿಂದುಳಿಯುವುದು ಹೆಚ್ಚಾಗಿ ಈ ಹಂತಗಳಲ್ಲೇ. ಇದರ ಬಗ್ಗೆ ಸಾಕಷ್ಟು ಚರ್ಚೆ ನಡೆಯದಿರುವುದು ನನಗೆ ಆಶ್ಚರ್ಯ ತಂದಿದೆ.

ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಇನ್ನೊಂದು ಮಾತು ಹೇಳಬೇಕು. ತಾರತಮ್ಯ ಕಾಗದದ ಮೇಲೆ ತಾರತಮ್ಯವಾಗಿ ಕಾಣಿಸುವುದು ಅಪರೂಪ. ಗರ್ಭಿಣಿಯೆಂದು ತಿಳಿದ ಮೇಲೆ ಅದುವರೆಗೆ ಚೆನ್ನಾಗಿದ್ದ ಕಾರ್ಯಕ್ಷಮತೆಯ ಅಂಕ ದಿಢೀರನೆ ಕುಸಿಯುತ್ತದೆ, ಅಂಗವಿಕಲ ನೌಕರರನ್ನು ಮೆಟ್ಟಿಲು ಹತ್ತಲೇಬೇಕಾದ ಕಚೇರಿಗೆ ವರ್ಗ ಮಾಡಲಾಗುತ್ತದೆ, ಕೊನೆಗೆ ‘ವೈಯಕ್ತಿಕ ಕಾರಣ’ ಎಂದು ಬರೆದ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲಾಗುತ್ತದೆ. ಆ ಸಹಿ ಬಿದ್ದ ಮೇಲೆ ವಜಾ ಮಾಡಿದರೆಂದು ಸಾಬೀತುಪಡಿಸುವುದು ಬಹಳ ಕಷ್ಟ. ಆದ್ದರಿಂದ ಒತ್ತಾಯದಲ್ಲಿ ಸಹಿ ಹಾಕಬಾರದು. ಮೌಖಿಕವಾಗಿ ಹೇಳಿದ್ದನ್ನು ಅಂದೇ ಇಮೇಲ್ ಮೂಲಕ ದಾಖಲಿಸಬೇಕು. ಅದೇ ಹುದ್ದೆ, ಅದೇ ಅನುಭವವಿರುವ ಸಹೋದ್ಯೋಗಿಯನ್ನು ಹೇಗೆ ನಡೆಸಿಕೊಳ್ಳಲಾಯಿತು ಎಂಬ ಹೋಲಿಕೆಯನ್ನು ದೂರಿನಲ್ಲಿ ಬರೆಯಬೇಕು. ಈ ಹೋಲಿಕೆಯಿಲ್ಲದ ದೂರು ಬರೀ ಅಸಮಾಧಾನವೆಂದು ಪಕ್ಕಕ್ಕೆ ಸರಿಯುತ್ತದೆ. ಗಡುವನ್ನೂ ಮರೆಯುವಂತಿಲ್ಲ: ಲೈಂಗಿಕ ಕಿರುಕುಳದ ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಲು ಅರ್ಹರು ಎಂಬುದು ಅನೇಕರಿಗೆ ತಿಳಿದಿಲ್ಲ.

ಉದ್ಯೋಗದಲ್ಲಿ ತಾರತಮ್ಯವನ್ನು ತೊಡೆಯುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೇ ಒಡಂಬಡಿಕೆಯನ್ನು ಭಾರತ 1960ರಲ್ಲೇ ಅನುಮೋದಿಸಿದೆ. ಖಾಸಗಿ ವಲಯದ ನೇಮಕಾತಿಯಿಂದ ನಿರ್ಗಮನದವರೆಗೆ ಎಲ್ಲ ಹಂತಗಳನ್ನೂ ಒಳಗೊಳ್ಳುವ ಒಂದೇ ಕಾನೂನನ್ನು ಸಂಸತ್ತು ಇನ್ನಾದರೂ ರೂಪಿಸಬೇಕು. ನೌಕರರು ಮೇಲ್ನೋಟಕ್ಕೆ ತಾರತಮ್ಯವನ್ನು ತೋರಿಸಿದ ನಂತರ, ತನ್ನ ನಿರ್ಧಾರಕ್ಕೆ ಬೇರೆ ನ್ಯಾಯವಾದ ಕಾರಣವಿತ್ತೆಂದು ಸಾಬೀತುಪಡಿಸುವ ಹೊಣೆಯನ್ನು ಆ ಕಾನೂನು ಮಾಲೀಕರ ಮೇಲೆ ಹೊರಿಸಬೇಕು. ಏಕೆಂದರೆ ಕಡತಗಳೆಲ್ಲ ಇರುವುದು ಅವರ ಕಪಾಟಿನಲ್ಲೇ.

ಇಂತಿ,
ನಿವೃತ್ತ ಸಿಬ್ಬಂದಿ ಅಧಿಕಾರಿ