ಅಂಬಾಸಿಡರ್ ಗುಜರಿಗೆ ಕೊಡ್ಬೇಡಿ ಅಪ್ಪಯ್ಯ

ಕೌಲಿ, ಆಕ್ಸ್‌ಫರ್ಡ್
ಮೇ 11

ಅಪ್ಪಯ್ಯ, ಅಮ್ಮ, ಪುಟ್ಟಿ,

ಎಲ್ರೂ ಚೆನ್ನಾಗಿದೀರಿ ಅಂದ್ಕಂಡಿದೀನಿ, ನಾನೂ ಚೆನ್ನಾಗಿದೀನಿ. ಮೊನ್ನೆ ಭಾನುವಾರ ಫೋನಲ್ಲಿ ಅಪ್ಪಯ್ಯ ಮಾತಿನ ಮಧ್ಯೆ ಹೇಳಿದ್ರಲ್ಲ, ಗುಜರಿಯವ್ನು ಬಂದಿದ್ದ, ಅಜ್ಜಯ್ಯನ ಕಾರು ತೂಕಕ್ಕೆ ಕೇಳ್ದ, ಮಿರ್ಗದ ಮಳೆ ಹಿಡಿಯೋದ್ರೊಳಗೆ ಕೊಟ್ಟು ಆ ಜಾಗಕ್ಕೆ ಸೌದೆ ಹಾಕ್ಸೋದು ಅಂತ. ನಾನು ಆಗ ಹೂಂ ಅಂದ್ಬಿಟ್ಟೆ. ಆಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ. ಮತ್ತೆ ಫೋನ್ ಮಾಡಿ ಹೇಳೋಣ ಅಂದ್ರೆ ಅಪ್ಪಯ್ಯ "ಆಯ್ತಾಯ್ತು, ಊಟ ಆಯ್ತಾ" ಅಂತ ಅಮ್ಮನ ಕೈಗೆ ಕೊಟ್ಟುಬಿಡ್ತಾರೆ, ಅದ್ಕೇ ಬರೀತಿದೀನಿ. ಪುಟ್ಟಿ, ಇದನ್ನ ತೀರ್ಥಹಳ್ಳಿಗೆ ಹೋದಾಗ ಪ್ರಿಂಟ್ ತೆಗ್ಸಿ ಅಪ್ಪಯ್ಯಂಗೆ ಕೊಡು. ಮೊಬೈಲ್ ನೋಡ್ಕಂಡು ನೀನು ಓದಿ ಹೇಳ್ಬೇಡ, ನೀನು ಬೇಕಾದ್ದಷ್ಟೇ ಓದ್ತೀಯ.

ಮೊದ್ಲು ಒಂದು ವಿಷಯ ಹೇಳ್ಬೇಕು, ಬೈಬಾರ್ದು. ಎರಡು ವರ್ಷದಿಂದ ನಾನೂ ಒಂದು ತುಕ್ಕು ಹಿಡಿದ ಕಾರು ಇಟ್ಕಂಡಿದೀನಿ. ಮನೆ ಹಿಂದಿನ ಗ್ಯಾರೇಜಲ್ಲಿ ಹಳೇ ಬಾಕ್ಸುಗಳಿದಾವೆ, ಅದ್ಕೆ ವಿಡಿಯೋ ಕಾಲಲ್ಲಿ ತೋರ್ಸಲ್ಲ ಅಂತ ಹೇಳ್ತಿದ್ನಲ್ಲ, ಅದು ಸುಳ್ಳು. ನಮ್ಮ ರಸ್ತೆ ಕೊನೇಲಿ ಒಬ್ರು ಅಜ್ಜಿ ಇದಾರೆ, ಅವ್ರ ಗಂಡ ತೀರ್ಕಂಡ ಮೇಲೆ ಅವ್ರ ಕಾರು ಹಂಗೇ ನಿಂತಿತ್ತು, 1967ರ ಮಾರಿಸ್ ಮೈನರ್, ಎರಡು ಬಾಗಿಲಿಂದು. 700 ಪೌಂಡಿಗೆ ಕೊಟ್ರು. ಎಷ್ಟು ರೂಪಾಯಿ ಅಂತ ಲೆಕ್ಕ ಹಾಕೋಕೆ ಹೋಗ್ಬೇಡ ಅಮ್ಮ. ಕೊಟ್ಟ ಮೇಲೆ ಆ ಅಜ್ಜಿ ಟೀ ಮಾಡ್ಕೊಟ್ಟು, ಟೋ ಮಾಡೋ ಗಾಡಿ ತಿರುವಿನಲ್ಲಿ ಮರೆಯಾಗೋ ತನಕ ಗೇಟಲ್ಲಿ ನಿಂತಿದ್ರು.

ಅಪ್ಪಯ್ಯ, ನಿಮಗೆ ಈ ಕಾರು ಇಷ್ಟ ಆಗತ್ತೆ. ಇದರ ಡಿಸೈನ್ ಮಾಡಿದ್ದು ಇಸಿಗೋನಿಸ್ ಅಂತ, ಆಮೇಲೆ ಮಿನಿ ಕಾರು ಮಾಡಿದ್ದೂ ಅವನೇ. 1948ರಲ್ಲಿ ಬಂದಿದ್ದು ಇದು, ಹೊರಗೆ ಬಿಡೋಕೆ ಸ್ವಲ್ಪ ಮುಂಚೆ ಅವನಿಗೆ ಯಾಕೋ ಕಾರು ಸಪೂರ ಆಯ್ತು ಅನ್ನಿಸ್ತಂತೆ, ಸರಿ, ಮಾಡಿಟ್ಟ ಕಾರನ್ನ ಉದ್ದಕ್ಕೆ ಎರಡು ಹೋಳು ಮಾಡ್ಸಿ, ದೂರ ಸರಿಸ್ತಾ ಸರಿಸ್ತಾ ನೋಡಿ, 4 ಇಂಚು ಅಗಲ ಮಾಡ್ಸಿದ. ಅದ್ಕೆ ಬಾನೆಟ್ ಮಧ್ಯ ಒಂದು ಚಪ್ಪಟೆ ಪಟ್ಟಿ ಉಳ್ಕಂಡಿದೆ, ಬೈತಲೆ ತೆಗ್ದಂಗೆ. ಒಟ್ಟು ಸುಮಾರು 16 ಲಕ್ಷ ಮಾಡಿದ್ರಂತೆ, ಈಗ್ಲೂ ಇಲ್ಲಿ ರಸ್ತೇಲಿ ಒಂದೊಂದು ಕಾಣ್ತಾವೆ.

ಇನ್ನೊಂದು ವಿಷಯ. ನಾನು ಬಾಡಿಗೆಗಿರೋ ಈ ಕೌಲಿಲೇ ಮಾರಿಸ್ ಫ್ಯಾಕ್ಟರಿ ಇದ್ದಿದ್ದು, ಈಗ ಅಲ್ಲಿ ಬಿಎಂಡಬ್ಲ್ಯು ಅವ್ರು ಮಿನಿ ಮಾಡ್ತಾರೆ. ನಮ್ಮ ಅಂಬಾಸಿಡರ್ ಇದ್ಯಲ್ಲ, ಅದು ಇಲ್ಲಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನೋ ಕಾರೇ, ಅದನ್ನೇ ಕಲ್ಕತ್ತಾ ಹತ್ರ ಉತ್ತರಪಾರಾದಲ್ಲಿ ನಮ್ಮವ್ರು 2014ರ ತನಕ ಮಾಡಿದ್ರು. ಅಜ್ಜಯ್ಯನ ಕಾರಿನ 1489 ಸಿಸಿ ಇಂಜಿನ್ನಿನ ಡಿಸೈನೂ ಇಂಗ್ಲೆಂಡಿಂದ ಹೋಗಿದ್ದೇ. ಆರು ವರ್ಷ ನಾನು ಬಸ್ಸಲ್ಲಿ ಆ ಫ್ಯಾಕ್ಟರಿ ಮುಂದೆ ಓಡಾಡಿದೀನಿ, ನಮ್ಮ ಕೊಟ್ಟಿಗೇಲಿ ನಿಂತಿರೋ ಕಾರಿನ ತವರು ಮನೆ ಇದು ಅಂತ ಗೊತ್ತೇ ಇರ್ಲಿಲ್ಲ. ಮಾರಿಸ್ ಕಾರಿನ ಮುದ್ರೆ ನೋಡಿದೀರಾ, ಒಂದು ಎತ್ತು ಹೊಳೆ ದಾಟ್ತಾ ಇರತ್ತೆ. ಆಕ್ಸ್‌ಫರ್ಡ್ ಅಂದ್ರೇ ಎತ್ತು ಹೊಳೆ ದಾಟೋ ಜಾಗ ಅಂತ ಅರ್ಥ. ಅಜ್ಜಯ್ಯಂಗೆ ಹೇಳಿದ್ರೆ ತುಂಗೆ ದಾಟಿಸ್ತಿದ್ದ ಅವ್ರ ಜೋಡೆತ್ತಿನ ಕಥೆ ಶುರು ಮಾಡ್ತಿದ್ರು, ಸಂಜೆ ತನಕ ಮುಗೀತಿರ್ಲಿಲ್ಲ.

ಸರಿ, ತುಕ್ಕಿನ ವಿಷಯಕ್ಕೆ ಬರ್ತೀನಿ. ಇಲ್ಲಿ ಮಳೆ ಅಂದ್ರೆ ನಮ್ಮೂರಿನ ಮುಂದೆ ಎಂಥದೂ ಅಲ್ಲ. ಆಕ್ಸ್‌ಫರ್ಡಲ್ಲಿ ಇಡೀ ವರ್ಷಕ್ಕೆ 650 ಮಿಲಿಮೀಟರ್ ಆಸುಪಾಸು, ಆಗುಂಬೇಲಿ ಜುಲೈ ಒಂದೇ ತಿಂಗಳಲ್ಲಿ ಸಾಧಾರಣ 2000 ದಾಟತ್ತೆ. ಆದ್ರೂ ಇಲ್ಲಿನ ಕಾರುಗಳು ಹಾಳಾಗೋದು ಬೇಗ, ಯಾಕಂದ್ರೆ ಚಳಿಗಾಲದಲ್ಲಿ ಹಿಮ ಕಟ್ಬಾರ್ದು ಅಂತ ರಸ್ತೆಗೆಲ್ಲಾ ಉಪ್ಪು ಸುರೀತಾರೆ, ಆ ಉಪ್ಪು ನೀರು ಅಡಿಗೆ ಸಿಡಿದು ಸಂದೀಲಿ ಕೂತ್ರೆ ಮುಗೀತು. ನನ್ನ ಮೈನರ್ ಮೇಲಿಂದ ನೋಡೋಕೆ ಚೆನ್ನಾಗೇ ಇತ್ತು. ಜಾಕಿ ಹಾಕಿ ಎತ್ತಿದ್ರೆ ಕಾರು ಮೇಲೆ ಬರ್ಲಿಲ್ಲ, ಜಾಕಿನೇ ಕಾರಿನ ಒಳಗೆ ಹೋಯ್ತು! ಅಡಿ ತಗಡು ಹಪ್ಪಳ ಆಗಿತ್ತು. ಬಾಗಿಲ ಕೆಳಗೆ ಉದ್ದಕ್ಕೆ ಒಂದು ಪೆಟ್ಟಿಗೆ ಥರ ಇರತ್ತಲ್ಲ, ಇಲ್ಲಿ ಸಿಲ್ ಅಂತಾರೆ, ಈ ಕಾರಿಗೆ ಬೇರೆ ಚಾಸಿ ಇಲ್ಲ, ಇಡೀ ಭಾರ ಹೊರೋದೇ ಅದು. ಅದನ್ನ ಸ್ಕ್ರೂಡ್ರೈವರಲ್ಲಿ ಚುಚ್ಚಿದ್ರೆ ಒಳಗಿಂದ ಏನ್ ಬಂತು ಗೊತ್ತಾ, ಹಳೇ ನ್ಯೂಸ್ ಪೇಪರ್. ಯಾರೋ ಪುಣ್ಯಾತ್ಮ ತೂತಿಗೆ ಪೇಪರ್ ತುರುಕಿ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡ್ಸಿದ್ದ. ಪುಟ್ಟಿ ಅಂದ್ರೆ ನೀನಲ್ಲ ಕಣೇ, ಗ್ಯಾರೇಜಿನ ಪುಟ್ಟಿ.

ಮೊದಲ್ನೇ ವರ್ಷ ನಾನು ಮಾಡಿದ್ದೆಲ್ಲಾ ದಂಡ. ತುಕ್ಕಿನ ಮೇಲೆ ಉಪ್ಪುಕಾಗದ ತಿಕ್ಕಿ, ರೆಡ್ ಆಕ್ಸೈಡ್ ಬಳಿದು, ಚಂದ ಮಾಡಿ ಪೇಂಟ್ ಹೊಡೆದೆ. ಆರು ತಿಂಗಳಿಗೆ ಗುಳ್ಳೆ ಗುಳ್ಳೆ ಎದ್ವು. ತುಕ್ಕು ಚೂರು ಉಳಿದ್ರೂ ಪೇಂಟಿನ ಅಡಿಗೆ ಅದರ ಪಾಡಿಗೆ ಅದು ತಿಂತಾ ಇರತ್ತೆ. ಹಂಗಾಗಿ ಇಲ್ಲಿ ಸಂಜೆ ಕ್ಲಾಸಿಗೆ ಸೇರ್ಕಂಡು ವೆಲ್ಡಿಂಗ್ ಕಲಿತೆ, ಮಿಗ್ ಅನ್ನೋ ಸೆಕೆಂಡ್ ಹ್ಯಾಂಡ್ ವೆಲ್ಡಿಂಗ್ ಮಿಷನ್ ತಗಂಡೆ. ಕೊಳೆತಿದ್ದನ್ನೆಲ್ಲಾ ಗಟ್ಟಿ ತಗಡು ಸಿಗೋ ತನಕ ಕೊಯ್ದು ತೆಗೀಬೇಕು, ರಟ್ಟಲ್ಲಿ ಅಳತೆ ಕತ್ತರಿಸ್ಕಂಡು ಅದೇ ಆಕಾರಕ್ಕೆ ಹೊಸ ತಗಡು ಮಾಡಿ ಕೂರಿಸ್ಬೇಕು, ಅಮ್ಮ ರವಿಕೆಗೆ ಪೇಪರ್ ಕತ್ತರಿಸ್ತಿದ್ಲಲ್ಲ ಹಂಗೇ. ಸಿಲ್ ಕೊಯ್ಯೋಕೆ ಮುಂಚೆ ಬಾಗಿಲಿನ ಜಾಗಕ್ಕೆ ಅಡ್ಡ ಪೈಪ್ ಕೊಟ್ಟು ಬಿಗೀಬೇಕು, ಇಲ್ದಿದ್ರೆ ಕಾರು ಮಧ್ಯಕ್ಕೆ ಜಗ್ಗಿ ಆಮೇಲೆ ಜನ್ಮದಲ್ಲಿ ಬಾಗಿಲು ಹಾಕ್ಕಳಲ್ಲ. ತಗಡು ತೆಳ್ಳಗಿರತ್ತಲ್ಲ, ಉದ್ದಕ್ಕೆ ಎಳೆದ್ರೆ ಕಾದು ಸೊಟ್ಟ ಆಗತ್ತೆ, ಇಲ್ಲೊಂದು ಚುಕ್ಕಿ ಅಲ್ಲೊಂದು ಚುಕ್ಕಿ ಇಟ್ಟು ತಣಿಯೋಕ್ ಬಿಡ್ಬೇಕು. ಒಂದು ಬದಿ ಸಿಲ್ಲಿಗೆ ನಾಲ್ಕು ವಾರ ಹಿಡೀತು. ಎರಡು ಶರ್ಟು, ಒಂದು ಬೂಟು ಸುಟ್ಕಂಡೆ. ಮುಖಕ್ಕೆ ವೆಲ್ಡಿಂಗ್ ಮಾಸ್ಕ್ ಹಾಕ್ಕಂಡೇ ಮಾಡೋದು ಅಮ್ಮ, ಗಾಬರಿ ಆಗ್ಬೇಡ.

ಬೋಲ್ಟು, ಬ್ರಾಕೆಟ್ಟು, ಬಾಗಿಲ ಕೀಲು ಇಂಥ ಸಣ್ಣ ಸಾಮಾನಿನ ತುಕ್ಕು ತೆಗ್ಯೋದನ್ನ ಕೇಳಿದ್ರೆ ಅಮ್ಮ ನಗ್ತೀಯ. ಇಲ್ಲಿ ಕುದುರೆಗೆ ತಿನ್ಸೋಕೆ ಕಾಕಂಬಿ ಮಾರ್ತಾರೆ, ನಮ್ಮ ಜೋನಿಬೆಲ್ಲದ ಥರನೇ ಇರತ್ತೆ, ಇನ್ನೂ ಕಪ್ಪು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಹಾಕಿ ಡ್ರಮ್ಮಲ್ಲಿ ಮುಳುಗಿಸಿಟ್ರೆ ಎರಡು ಮೂರು ವಾರಕ್ಕೆ ತುಕ್ಕು ಬಿಟ್ಟು ಒಳಗಿನ ಕಬ್ಬಿಣ ಬೆಳ್ಳಗೆ ಕಾಣತ್ತೆ. ವಾಸನೆ ಮಾತ್ರ ಕೇಳ್ಬೇಡ, ಕೊಳೆ ಅಡಿಕೆ ಗುಡ್ಡೆ ಪಕ್ಕ ನಿಂತಂಗೆ. ಪಕ್ಕದ್ಮನೆಯವ್ರು ಚರಂಡಿ ಕಟ್ಟಿದೆ ಅಂತ ಯಾರನ್ನೋ ಕರೆಸಿದ್ರು, ನಾನು ಬಾಯಿ ಬಿಡ್ಲಿಲ್ಲ. ತೆಗೆದ ತಕ್ಷಣ ತೊಳೆದು ಒಣಗಿಸಿ ಪ್ರೈಮರ್ ಹೊಡೀಬೇಕು, ಮಾರನೇ ದಿನ ಮಾಡೋಣ ಅಂದ್ರೆ ಮತ್ತೆ ಕೆಂಪಗಾಗಿರತ್ತೆ.

ಈಗ ಮುಖ್ಯ ವಿಷಯ. ಇಷ್ಟೊತ್ತೂ ಸುತ್ತಿದ್ದು ಇದಕ್ಕೇ.

ಮಾರ್ಚಲ್ಲಿ ಮೈನರಿನ ಎಡಗಡೆ ಮುಂದಿನ ಮಡ್‌ಗಾರ್ಡ್ ಗ್ರೈಂಡ್ ಮಾಡ್ತಿದ್ದೆ. ಹೆಡ್‌ಲೈಟ್ ಪಕ್ಕ ಬೆರಳು ದಪ್ಪ ಪುಟ್ಟಿ ಏಳ್ತು, ಅದರಡಿ ಹಳೇ ತಗ್ಗು, ತಗ್ಗಿನ ಸುತ್ತ ತುಕ್ಕು. ಗ್ರೈಂಡರ್ ಆಫ್ ಮಾಡಿ ಕೂತ್ಕಂಡೆ. ಅಪ್ಪಯ್ಯ, ಅಜ್ಜಯ್ಯನ ಕಾರಿಗೂ ಅದೇ ಜಾಗದಲ್ಲಿ ಪುಟ್ಟಿ ಇದೆ, ನೆನಪಿದ್ಯಾ? ಶಿವಮೊಗ್ಗದಲ್ಲಿ ರಿಪೇರಿ ಮಾಡ್ಸಿದ್ರಿ. ಆ ತಗ್ಗು ಡ್ರೈವರಣ್ಣ ಮಾಡಿದ್ದಲ್ಲ. ನಾನು.

ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದಿತ್ತು, ನೀವಿಬ್ರೂ ಕೊಪ್ಪದ ಮದುವೆಗೆ ಹೋಗಿದ್ರಿ, ಅಜ್ಜಯ್ಯ ಮಲ್ಗಿದ್ರು. ಗಡಿಯಾರದ ಹಿಂದಿನ ಕೀ ತಗಂಡು ಸಂಕದ ತನಕ ಹೋಗಿ ಬರೋಣ ಅಂತ ಹೊರಟೆ. ಹೋಗೋದು ಹೋದೆ, ವಾಪಸ್ ಬರ್ತಾ ತಿರುವಲ್ಲಿ ಎದುರಿಗೆ ದನ ಬಂತು, ಎಡಕ್ಕೆ ಎಳೆದೆ, ಸೀದಾ ರಸ್ತೆ ಪಕ್ಕದ ಧರೆಗೆ ಗುದ್ದಿದೆ. ಮಣ್ಣೆಲ್ಲಾ ಒರೆಸಿ ತಂದು ನಿಲ್ಸಿದೆ. ಪುಟ್ಟಿ ಜಗಲಿ ಮೇಲಿಂದ ನೋಡ್ತಿದ್ಲು, ಅವಳ ಬಾಯಿ ಮುಚ್ಚಿಸೋಕೆ ನನ್ನ ಕ್ಯಾಲ್ಕುಲೇಟರ್ ಕೊಟ್ಟಿದೀನಿ, ಅಷ್ಟು ವರ್ಷ ಹೇಳದೇ ಇದ್ದಿದ್ದಕ್ಕೆ ಅವಳನ್ನ ಮೆಚ್ಚಬೇಕು. ಹಿಂದಿನ ದಿನ ಅಡಿಕೆ ಮಂಡಿಗೆ ಗಾಡಿ ತಗಂಡು ಹೋಗಿದ್ದು ಡ್ರೈವರಣ್ಣ, ಎಲ್ರೂ ಅವ್ರೇ ಅಂದ್ಕಂಡ್ರು. ಅಜ್ಜಯ್ಯ ಅಂಗಳದಲ್ಲಿ ನಿಲ್ಸಿ ಕೇಳಿದಾಗ ಅವ್ರು ನನ್ನ ಮುಖ ಒಂದ್ಸಲ ನೋಡಿದ್ರು, "ಹೌದಯ್ಯ, ನಂದೇ ತಪ್ಪು" ಅಂದ್ರು. ನಾನು ಅಡಿಕೆ ಹಾಳೆ ಜೋಡಿಸ್ತಾ ಇದ್ದವ್ನು ಜೋಡಿಸ್ತಾನೇ ಇದ್ದೆ. ಆ ಮಳೆಗಾಲ ಕಳೆದ ಮೇಲೆ ಅವ್ರು ಬರೋದು ಬಿಟ್ರು, ಭದ್ರಾವತಿ ಕಡೆ ಲಾರಿಗೆ ಸೇರ್ಕಂಡ್ರು ಅಂತ ಯಾರೋ ಹೇಳಿದ್ರು.

ನನ್ನನ್ನ ಸಕ್ರೆಬೈಲಲ್ಲಿ ಆನೆ ನೋಡೋಕೆ ನಿಲ್ಸಿ, ರೇಡಿಯೇಟರಿಗೆ ನೀರು ಹಾಕೋದು ಕಲ್ಸಿದ್ದು ಅವ್ರು. ಆಗುಂಬೆ ಘಾಟಿಲಿ ಪೆಟ್ರೋಲ್ ಪಂಪಿಗೆ ಬಿಸಿ ಹತ್ತಿ ಗಾಡಿ ನಿಂತ್ರೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯೋದು ಕಲ್ಸಿದ್ದೂ ಅವ್ರೇ.

ಹಂಗಾಗಿ ಅಪ್ಪಯ್ಯ, ನಾನು ದೀಪಾವಳಿಗೆ ಬರೋ ತನಕ ಗುಜರಿಗೆ ಕೊಡ್ಬೇಡಿ. ಸೌದೆಗೆ ಬೇರೆ ಜಾಗ ಮಾಡ್ಸೋಣ, ಖರ್ಚು ನಾನು ಕಳಿಸ್ತೀನಿ. ಇಡೀ ಕಾರು ಹೊಸದರಂತೆ ಮಾಡಿ ಮೆರವಣಿಗೆ ಮಾಡ್ಬೇಕು ಅಂತ ನಂಗೆ ಆಸೆ ಇಲ್ಲ, ಆ ಫಳಫಳ ಪೇಂಟು ಅಜ್ಜಯ್ಯನ ಕಾರಿಗೆ ಒಪ್ಪೋದೂ ಇಲ್ಲ. ತುಕ್ಕು ನಿಂತ್ರೆ, ಇಂಜಿನ್ ತಿರುಗಿದ್ರೆ ಸಾಕು. ಭಾವ ಪೇಪರ್ ಎಲ್ಲಾ ಲ್ಯಾಪ್ಸ್ ಆಗಿದೆ ಅಂದ್ರಂತೆ. 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿನ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸ್ಬೋದು, ನಮ್ದು 1972ರದ್ದು, ಆಗತ್ತೆ. ಹೊಸದಾಗಿ ಮಾಡ್ಸೋಕೆ 20,000 ರೂಪಾಯಿ ಫೀಸು, ಆದ್ರೆ ದಿನಾ ಓಡಿಸೋ ಹಂಗಿಲ್ಲ. ಅದು ಬೇಕಾ ಬೇಡ್ವಾ ಬಂದ ಮೇಲೆ ಕೂತು ಮಾತಾಡೋಣ.

ಮಳೆಗೆ ಮುಂಚೆ ಇಷ್ಟು ಮಾಡ್ಸಿ. ಪುಟ್ಟಿ, ನೀನೇ ನಿಂತು ನೋಡ್ಕೋಬೇಕು. ಮೇಲೆ ಹೊದ್ಸಿರೋ ನೀಲಿ ಟಾರ್ಪಲ್ ತೆಗ್ಸಿಬಿಡು, ಅದರೊಳಗೆ ಥಂಡಿ ಕಟ್ಟಿ ಮಳೆಗಿಂತ ಜಾಸ್ತಿ ಹಾಳು ಮಾಡತ್ತೆ, ಮಾಡಿನ ಹೆಂಚು ಸರಿ ಇದ್ರೆ ಸಾಕು, ಗಾಳಿ ಆಡ್ಲಿ. ಒಳಗಿನ ಮ್ಯಾಟು, ಸೀಟಿನಡಿ ಗೋಣಿ ಎಲ್ಲಾ ಹೊರಗೆ ಹಾಕು, ಇಲಿಗೂಡು ಇದ್ದೇ ಇರತ್ತೆ, ಕೋಲು ಹಾಕಿ ನೋಡಿ ಆಮೇಲೆ ಕೈ ಹಾಕು, ಹಾವು ಇರ್ಬೋದು. ಬಾಗಿಲ ಕೆಳಗಿನ ಅಂಚಲ್ಲಿ ನೀರು ಇಳಿಯೋಕೆ ಸಣ್ಣ ತೂತು ಇರ್ತಾವೆ, ದರಗು ಮಣ್ಣು ಕಟ್ಟಿರತ್ತೆ, ಹಿಡಿಕಡ್ಡಿ ಹಾಕಿ ಬಿಡಿಸು. ಆಕ್ಸಲ್ ಅಡಿಗೆ ಜಂಬಿಟ್ಟಿಗೆ ಕಲ್ಲು ಕೊಟ್ಟು ಗಾಡಿ ನೆಲದಿಂದ ಎತ್ತಿಸ್ಬೇಕು, ಎತ್ತೋವಾಗ ಯಾರೂ ಅಡಿಗೆ ಹೋಗ್ಬಾರ್ದು. ಸ್ಟಾರ್ಟ್ ಮಾಡೋಕೆ ಮಾತ್ರ ಯಾರೂ ಕೈ ಹಾಕ್ಬೇಡಿ, ಭಾವಂಗೂ ಹೇಳು. ನಾಲ್ಕು ಪ್ಲಗ್ ಬಿಚ್ಚಿಸಿ ಒಂದೊಂದು ತೂತಿಗೂ ಎರಡು ಚಮಚ ಡೀಸೆಲ್ಲು, ಇಂಜಿನ್ ಆಯಿಲ್ ಬೆರೆಸಿ ಬಿಟ್ಟು ಪ್ಲಗ್ ವಾಪಸ್ ಹಾಕ್ಸಿ, ಅಷ್ಟೇ. ನಾನು ಬಂದು ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸ್ತೀನಿ.

ಆಮೇಲೆ ಒಂದು ಸ್ಕ್ರೂಡ್ರೈವರ್ ತಗಂಡು ಬಾಗಿಲ ಕೆಳಗೆ, ಅಡಿ ತಗಡಿಗೆ, ಹಿಂದಿನ ಸ್ಪ್ರಿಂಗ್ ಪ್ಲೇಟು ಬಾಡಿಗೆ ಸೇರೋ ಕಡೆ ಚುಚ್ಚಿ ನೋಡು. ಟಣ್ ಅಂದ್ರೆ ಗಟ್ಟಿ. ಪುಸಕ್ ಅಂತ ಒಳಗೆ ಹೋದ್ರೆ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ಕಳ್ಸು. ಸ್ಪ್ರಿಂಗ್ ಹತ್ರ ಎರಡೂ ಬದಿ ಹೋಗಿದ್ರೆ ನಾನೇ ಹೇಳ್ತೀನಿ, ಕೊಟ್ಬಿಡಿ ಅಂತ, ಸುಳ್ಳು ಆಸೆ ಇಟ್ಕಳಲ್ಲ. ಆಗ್ಲೂ ಎಡಗಡೆ ಮಡ್‌ಗಾರ್ಡ್ ಬಿಚ್ಚಿಸಿ ಇಟ್ಕಳಿ.

ಡ್ರೈವರಣ್ಣ ಈಗ ಎಲ್ಲಿದಾರೆ ಅಂತ ಅಪ್ಪಯ್ಯಂಗೆ ಏನಾದ್ರೂ ಗೊತ್ತಾ? ಅವ್ರ ತಂಗಿನ ಮಂಡಗದ್ದೆ ಕಡೆ ಕೊಟ್ಟಿದ್ರಲ್ಲ, ಅಲ್ಲಿ ಕೇಳಿದ್ರೆ ಸಿಗ್ಬೋದು. ನಂಬರ್ ಸಿಕ್ರೆ ಪುಟ್ಟಿ ನಂಗೆ ಕಳ್ಸು, ನೀವ್ಯಾರೂ ಮೊದ್ಲು ಮಾತಾಡ್ಬೇಡಿ.

ಅಮ್ಮ, ಚಿಕ್ಕಪ್ಪಯ್ಯನ ಮನೆಯವ್ರು ಆಗಸ್ಟಲ್ಲಿ ಲಂಡನ್ನಿಗೆ ಬರ್ತಾರಂತಲ್ಲ, ಅವ್ರ ಕೈಲಿ ಒಂದು ಡಬ್ಬಿ ಜೋನಿಬೆಲ್ಲ ಕಳ್ಸು. ತಿನ್ನೋಕೆ, ಡ್ರಮ್ಮಿಗಲ್ಲ.

ನಿಮ್ಮ,
ಅಪ್ಪು