ಗಂಟೆ ಹೊಡೆಯುವವರು ಯಾರು?

ಡೊಂಬಿವಲಿ

ಪ್ರೀತಿಯ ಮಗಳೇ,

ನಿನ್ನ ಮಂತ್ರಶಾಲೆ ಕಾದಂಬರಿಯ ಹಸ್ತಪ್ರತಿ ಎರಡು ಸಲ ಓದಿದೆ. ಎರಡನೆಯ ಸಲ ಸಿಟ್ಟು ಬಂತು. ಮೂರು ಕಡೆಯಿಂದ ವಾಪಸ್ ಬಂದಿದೆ, ಬರೆಯೋದೇ ಬಿಡ್ಲಾ ಅಂತ ಕೇಳಿದ್ದೀಯ. ಬಿಡಬೇಡ. ಕಾಗುಣಿತ, ಪ್ರಕಾಶಕರು, ಸರಣಿಗೆ ಎಷ್ಟು ಭಾಗ, ಅದೆಲ್ಲ ಬೇರೆ ಯಾರನ್ನಾದರೂ ಕೇಳು. ನನಗೆ ಜಗಳ ಇರೋದು ನಿನ್ನ ಮಂತ್ರಶಾಲೆಯ ಜೊತೆ.

ಹಿಮದ ಬೆಟ್ಟ, ಏಳು ಗೋಪುರ, ಹಾರುವ ಕುದುರೆ. ಅಲ್ಲ ಮಾರಾಯ್ತಿ, ನೀನು ಹುಟ್ಟಿ ಬೆಳೆದದ್ದು ಮುಂಬಯಿಯ ಮುಲುಂಡಿನಲ್ಲಿ. ಆಯ್ತು, ಹಿಮ ಇರಲಿ. ಆದರೆ ಆರುನೂರು ಮಕ್ಕಳು ಮಧ್ಯಾಹ್ನ ಏನು ತಿನ್ನುತ್ತಾರೆ? ಅಕ್ಕಿ ಮೂಟೆ ಯಾರು ಹೊತ್ತು ತರುತ್ತಾರೆ? ಗಂಟೆ ಹೊಡೆಯುವವರು ಯಾರು? ಇನ್ನೂರು ಪುಟದಲ್ಲಿ ಒಬ್ಬ ಜವಾನನೂ ಇಲ್ಲ.

ಹ್ಯಾರಿ ಪಾಟರ್ ಕಥೆಯ ಮಂತ್ರಶಾಲೆ ಹಾಗ್ವರ್ಟ್ಸ್‌ನಲ್ಲಿ 142 ಮೆಟ್ಟಿಲುಸಾಲು ಇವೆ ಅಂತ ನಿನಗೆ ಬಾಯಿಪಾಠ. ನನಗೆ ಆ ಶಾಲೆ ನಿಜ ಅನ್ನಿಸಿದ್ದು ಕೆಸರುಕಾಲಿನ ಮಕ್ಕಳ ಮೇಲೆ ರೇಗುವ ಜವಾನ ಫಿಲ್ಚ್‌ನಿಂದ. ಅಲ್ಲೂ ಲೆಕ್ಕ ತಪ್ಪುತ್ತದೆ. ನಾಲ್ಕು ಹೌಸ್, ಏಳು ವರ್ಷ, ಹೆಚ್ಚಿನ ವಿಷಯಗಳಿಗೆ ಒಬ್ಬರೇ ಮಾಸ್ಟ್ರು. ಪಾಪ, ಪೇಪರ್ ತಿದ್ದೋದು ಯಾವಾಗ?

1968ರಲ್ಲಿ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ತನ್ನ ಕಾದಂಬರಿಯಲ್ಲಿ ಕಟ್ಟಿದ ರೋಕ್ ದ್ವೀಪದ ಮಂತ್ರಶಾಲೆ ನನಗೆ ಇನ್ನೂ ಜಾಸ್ತಿ ಇಷ್ಟ. ಅಲ್ಲಿ ಒಂಬತ್ತು ಗುರುಗಳು. ಬಾಗಿಲು ಕಾಯುವವನೂ ಅವರಲ್ಲೊಬ್ಬ. ಒಳಗೆ ಹೋಗಬೇಕಾದರೆ ನಿನ್ನ ನಿಜವಾದ ಹೆಸರು ಅವನಿಗೆ ಹೇಳಬೇಕು. ಓದು ಮುಗಿಸಿ ಹೊರಡುವಾಗ ಅವನ ಹೆಸರು ನೀನು ಹೇಳಬೇಕು. ಕಥಾನಾಯಕ ಹುಡುಗ ತಲೆಕೆಡಿಸಿಕೊಂಡು, ಕೊನೆಗೆ ಸುಮ್ನೆ ಅವನನ್ನೇ ಕೇಳುತ್ತಾನೆ. ಅವನು ಹೇಳಿಬಿಡುತ್ತಾನೆ!

ನಾನು ಓದಿದ್ದು ಮುಂಬಯಿ ಫೋರ್ಟಿನ ಒಂದು ಕನ್ನಡ ರಾತ್ರಿಶಾಲೆಯಲ್ಲಿ. ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯೋದು, ರಾತ್ರಿ ಏಳಕ್ಕೆ ಕ್ಲಾಸು. ಕಟ್ಟಡ ನಮ್ಮದಲ್ಲ, ಹಗಲು ಅಲ್ಲಿ ಮರಾಠಿ ಶಾಲೆ. ಬೆಂಚು ಚಿಕ್ಕಮಕ್ಕಳದು, ಮೊಣಕಾಲು ಸಿಕ್ಕಿಕೊಳ್ಳುತ್ತಿತ್ತು. ಬೋರ್ಡಿನ ಅರ್ಧದಲ್ಲಿ ಅವರ ಲೆಕ್ಕ, ಕೆಳಗೆ ‘ಪುಸೂ ನಯೇ’, ಅಳಿಸಬಾರದು. ನಮ್ಮ ಮಾಸ್ಟ್ರು ಉಳಿದರ್ಧದಲ್ಲೇ ಕುಮಾರವ್ಯಾಸನ ಪದ್ಯ ಬರೆಯುತ್ತಿದ್ದರು. ನಿದ್ದೆ ಹೋದವರನ್ನು ಎಬ್ಬಿಸುತ್ತಿರಲಿಲ್ಲ. ಹಗಲಿನ ಮಕ್ಕಳನ್ನು ನಾವು ಒಮ್ಮೆಯೂ ನೋಡಲಿಲ್ಲ. ಡೆಸ್ಕಿನೊಳಗೆ ಪೆನ್ಸಿಲ್ ತುಂಡು, ಹುಣಸೆಬೀಜ ಸಿಗುತ್ತಿದ್ದವು. ಒಂದು ರಾತ್ರಿ ನಾನೂ ಒಂದು ಚಿಕ್ಕಿ ಇಟ್ಟು ಬಂದೆ. ಮರುದಿನ ಇರಲಿಲ್ಲ.

ನನ್ನ ಮೊದಲ ಮಕ್ಕಳ ಧಾರಾವಾಹಿಯಲ್ಲಿ ಇದೊಂದೂ ಇಲ್ಲ. ಕಾಡಿನ ಗುರುಕುಲ ಬರೆದೆ, ಜಿಂಕೆ ಸಮೇತ. ಜಿಂಕೆಯನ್ನು ಮುಂಬಯಿಯ ಝೂ ರಾಣಿಬಾಗ್‌ನಲ್ಲಿ ಬಿಟ್ಟರೆ ಎಲ್ಲೂ ನೋಡಿದವನಲ್ಲ. ಜನ ಹೊಗಳಿದರು, ಉಬ್ಬಿದೆ. ಎರಡನೆಯದರಲ್ಲಿ ಗಂಟೆ ಹೊಡೆಯುವ ಮುದುಕ ಬಂದ. “ಮಕ್ಕಳ ಕಥೆಗೆ ಜವಾನ ಯಾಕ್ರೀ” ಅಂತ ಒಬ್ಬ ಸಂಪಾದಕರು ಅವನನ್ನೇ ಕತ್ತರಿಸಿದರು. ನಾನು ಅವರಿಗೆ ಥ್ಯಾಂಕ್ಸ್ ಹೇಳಿ ಕಾಗದ ಬರೆದೆ! ನಲವತ್ತು ವರ್ಷ ಆಯ್ತು. ಆ ಕಾಗದ ನೆನಪಾದರೆ ಇವತ್ತೂ ಊಟ ಸೇರೋದಿಲ್ಲ.

ನಿನ್ನ 87ನೇ ಪುಟದಲ್ಲಿ ಹುಡುಗಿ ಮಳೆಗೆ ಒದ್ದೆಯಾದ ಪಾಟೀಚೀಲವನ್ನು ಫ್ಯಾನಿನ ಕೆಳಗೆ ಒಣಗಲು ಇಡುತ್ತಾಳೆ. ಹಿಮದ ಬೆಟ್ಟದಲ್ಲಿ ಫ್ಯಾನ್ ಎಲ್ಲಿಂದ ಬಂತು? ಮೈಮರೆತು ಬರೆದಿದ್ದೀಯ, ಅಲ್ವಾ? ಫ್ಯಾನ್ ಇರಲಿ. ಬೆಟ್ಟ ತೆಗಿ.

ಭಾನುವಾರ ಬಂದು ಹಸ್ತಪ್ರತಿ ತಗೊಂಡು ಹೋಗು. 40ನೇ ಪುಟದ ಮೇಲೆ ಚಹಾ ಚೆಲ್ಲಿದ್ದೇನೆ, ಬೈಯಬೇಡ.

ಇಂತಿ,
ನಿನ್ನ ಅಜ್ಜನ ವಯಸ್ಸಿನವ