ಅಪ್ಪಯ್ಯನ ಅಲ್ಸರ್ ಗುಣವಾಯಿತು, ನಿಮ್ಮೆಲ್ಲರ ಋಣ ದೊಡ್ಡದು

ಅಪ್ಪಯ್ಯನ ಕೊನೆಯ ಪರೀಕ್ಷೆಯ ವರದಿ ಬಂದಿದೆ. ಅಲ್ಸರ್ ಅಂದರೆ ಒಳಗಿನ ಹುಣ್ಣಿಗೆ ಕಾರಣವಾಗುವ, ಹೊಟ್ಟೆಯಲ್ಲಿದ್ದ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಪೂರ್ತಿ ಹೋಗಿದೆ. ಶಿರಸಿಯಿಂದ ಹುಬ್ಬಳ್ಳಿಯವರೆಗೆ ನಮ್ಮ ಜೊತೆ ನಿಂತವರು ತುಂಬಾ ಜನ. ಫೋನಿನಲ್ಲಿ ಹೇಳಿದ್ದು ಸಾಲದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಕ್ಕದ ಮನೆಯ ಅಣ್ಣನಿಗೆ. ಅಪ್ಪಯ್ಯನಿಗೆ ಮಲ ಡಾಂಬರಿನ ಹಾಗೆ ಕಪ್ಪಾಗಿದೆ, ಎದ್ದರೆ ತಲೆ ಸುತ್ತುತ್ತಿದೆ ಎಂದು ಆಯಿ ಹೇಳಿದ್ದೇ ತಡ, "ಇದು ಪಿತ್ತ ಅಲ್ಲ, ಒಳಗೆ ರಕ್ತ ಹೋಗ್ತಾ ಇದ್ದು" ಎಂದು ರಾತ್ರಿಯೇ ಕಾರು ತೆಗೆದ. ರಕ್ತ ಕೊಟ್ಟವರು ಯಾರೋ ನಮಗೆ ಗೊತ್ತಿಲ್ಲ. ಅವರಿಗೂ ಕೈ ಮುಗಿಯುತ್ತೇನೆ.

ಹುಬ್ಬಳ್ಳಿಯ ಡಾಕ್ಟರು ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡಿ, ಸಣ್ಣ ಕರುಳಿನ ಶುರುವಿನಲ್ಲೇ ಇದ್ದ ಹುಣ್ಣಿನಿಂದ ರಕ್ತ ಸೋರುವುದನ್ನು ನಿಲ್ಲಿಸಿದರು. ಅಷ್ಟಕ್ಕೇ ಬಿಡದೆ ಹುಣ್ಣು ಯಾಕಾಯಿತು ಎಂದು ಹುಡುಕಿದರಲ್ಲ, ನನಗೆ ಅದೇ ದೊಡ್ಡದು. ಜಠರದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಹಾಕಿದರು. ಆಮೇಲೆ ಅಪ್ಪಯ್ಯನ ಹತ್ತಿರ ಕೂತು, "ಮೈಕೈ ನೋವಿಗೆ ಯಾವ ಗುಳಿಗಿ ತಗೋತೀರ್ರಿ?" ಎಂದು ಕೇಳಿದರು. ತೋಟದ ಕೆಲಸ ಜಾಸ್ತಿಯಾದಾಗೆಲ್ಲ ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುವುದು ಅಪ್ಪಯ್ಯನ ರೂಢಿ. ಅಲ್ಸರ್‌ಗೆ ಮುಖ್ಯ ಕಾರಣ ಈ ಎರಡೇ ಅಂತೆ, ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆ. ಎರಡೂ ಸೇರಿದರೆ ಅಪಾಯ ಇನ್ನೂ ಜಾಸ್ತಿ. ಬೀಡಿ, ಸಿಗರೇಟು ಇದ್ದರೆ ಹುಣ್ಣು ಬೇಗ ಮಾಯುವುದೂ ಇಲ್ಲ.

ಆಯಿ ಇಷ್ಟು ದಿನ ತನ್ನ ಒಗ್ಗರಣೆಯ ಮೆಣಸನ್ನೇ ದೂರುತ್ತಿದ್ದಳು. ಡಾಕ್ಟರು ಅವಳಿಗೆ ಬಿಡಿಸಿ ಹೇಳಿದರು. ಖಾರದಿಂದ ಉರಿ ಹೆಚ್ಚಬಹುದು, ಆದರೆ ಈ ಹುಣ್ಣು ನಿಮ್ಮ ಅಡುಗೆಯಿಂದ ಆದದ್ದಲ್ಲ. ಬ್ಯಾಕ್ಟೀರಿಯಾ ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲೇ ಹೊಟ್ಟೆ ಸೇರುತ್ತದೆ. ಮನೆಯವರಿಂದ, ಕೆಲವೊಮ್ಮೆ ನೀರಿನಿಂದ. ಇಕ್ಕಟ್ಟಿನ ಮನೆಯಲ್ಲಿ ಬೆಳೆದವರಲ್ಲಿ ಜಾಸ್ತಿ. ತುಂಬಾ ಜನರಿಗೆ ಅದು ಇದ್ದರೂ ಏನೂ ಆಗುವುದಿಲ್ಲ. ಇದನ್ನು ಕೇಳಿ ಆಯಿ ಅತ್ತೇಬಿಟ್ಟಳು. ಆ ತಾಳ್ಮೆಗೆ ನಾನು ಹೇಗೆ ಧನ್ಯವಾದ ಹೇಳಲಿ?

ಇನ್ನು ವಾರ್ಡಿನ ಸಿಸ್ಟರ್. 14 ದಿನದ ಕೋರ್ಸು. ಎರಡು ಆ್ಯಂಟಿಬಯೋಟಿಕ್, ಬಿಸ್ಮತ್, ಆ್ಯಸಿಡ್ ತಗ್ಗಿಸುವ ಮಾತ್ರೆ. ಯಾವುದು ಊಟದ ಮೊದಲು, ಯಾವುದು ನಂತರ ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ಬಾಯಿ ಲೋಹದ ರುಚಿಯಾಗುತ್ತದೆ, ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ, ಹೆದರಿ ಮಾತ್ರೆ ಬಿಡಬೇಡಿ, ತಲೆ ಸುತ್ತಿದರೆ ಮಾತ್ರ ತಕ್ಷಣ ಬನ್ನಿ ಎಂದು ಮೊದಲೇ ಹೇಳಿದ್ದರು. ಹೇಳದೇ ಹೋಗಿದ್ದರೆ ಅಪ್ಪಯ್ಯ ಅರ್ಧಕ್ಕೇ ನಿಲ್ಲಿಸುತ್ತಿದ್ದ. ಅರ್ಧಕ್ಕೆ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಉಳಿದುಕೊಂಡು ಔಷಧಿಗೇ ಬಗ್ಗದ ಹಾಗಾಗಬಹುದು.

ಕೋರ್ಸು ಮುಗಿದು ಕನಿಷ್ಠ ನಾಲ್ಕು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು, ಅದಕ್ಕೆ ಎರಡು ವಾರ ಮೊದಲೇ ಆ್ಯಸಿಡ್ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಫಲಿತಾಂಶ ತಪ್ಪಬಹುದು. ಇದನ್ನು ಡಾಕ್ಟರೇ ಫೋನ್ ಮಾಡಿ ನೆನಪಿಸಿದರು. ನಿಮ್ಮ ಮನೆಯಲ್ಲಿ ಅಲ್ಸರ್ ಇದ್ದವರಿದ್ದರೆ ಈ ಬ್ಯಾಕ್ಟೀರಿಯಾದ ಪರೀಕ್ಷೆ ಆಗಿದೆಯಾ ಎಂದು ದಯವಿಟ್ಟು ಕೇಳಿ.

ದೂರದ ಇಬ್ಬರನ್ನೂ ನೆನೆಯಬೇಕು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಜನ ನಂಬದಿದ್ದಾಗ ಮಾರ್ಷಲ್ ತಾನೇ ಅದನ್ನು ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರು ಹಟ ಹಿಡಿಯದಿದ್ದರೆ ಅಪ್ಪಯ್ಯ ಜೀವನಪೂರ್ತಿ ಮಾತ್ರೆ ನುಂಗುತ್ತಾ ಇರಬೇಕಿತ್ತು, ಅಲ್ವಾ?

ನಾವು ಆಸ್ಪತ್ರೆಯಲ್ಲಿದ್ದಾಗ ಇಲ್ಲಿ ಕೊಯ್ದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಕೇರಿಯವರು ರಾತ್ರಿಯೆಲ್ಲ ಕೂತು ಸುಲಿದು, ಬೇಯಿಸಿ, ಒಣಗಿಸಿಟ್ಟರು. ಕೂಲಿ ಕೊಡಲು ಹೋದರೆ ಒಬ್ಬರೂ ಮುಟ್ಟಲಿಲ್ಲ. ಸರಿ, ಮುಯ್ಯಾಳು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಕೊಯ್ಲಿಗೆ ನಿಮ್ಮೆಲ್ಲರ ಮನೆಗೂ ಸುಲಿಯಲು ನಾನು ಬರುತ್ತೇನೆ.